ಚೀಟಿ, ಪಾರ್ಕಾವಣೆ ಮತ್ತು ದರ್ಶನದ ಹಕ್ಕು

ವಿಶೇಷ ದರ್ಶನ, ಸೇವೆ, ಉತ್ಸವ, ದಸರಾ ಮೆರವಣಿಗೆಯ ಆಸನ ಮೊದಲಾದವುಗಳಿಗೆ ಕೊಡುವ ಅಚ್ಚಿನ ಟಿಕೆಟ್ಟಿನ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಹಾಕುವ ರೂಢಿ ಈಗ ಬಲವಾಗಿದೆ. ಈ ಗುರುತು ಎರಡು ಹಳೆಯ ಪ್ರಶ್ನೆಗಳನ್ನು ಮತ್ತೆ ಮುಂದಿಡುತ್ತದೆ. ಚೀಟಿ ನಿಜವೆಂದು ತಿಳಿಯುವುದು ಹೇಗೆ ಎಂಬುದು ಮೊದಲನೆಯದು. ಅದು ಪ್ರಮಾಣದ ಪ್ರಶ್ನೆ. ನಿಜವಾದ ಚೀಟಿ ಯಾವುದಕ್ಕೆ ಹಕ್ಕು ಕೊಡುತ್ತದೆ ಎಂಬುದು ಎರಡನೆಯದು. ಅದು ಅಧಿಕಾರದ ಪ್ರಶ್ನೆ. ಬೆಂಗಳೂರು–ಮೈಸೂರು ರಸ್ತೆಯ ಬಾಬುರಾಯನಕೊಪ್ಪಲಿನಿಂದ ಒಂದು ಕಡೆಗೆ ಹೋದರೆ ಶ್ರೀರಂಗಪಟ್ಟಣದ ರಂಗನಾಥಸ್ವಾಮಿ ಸನ್ನಿಧಿ, ಇನ್ನೊಂದು ಕಡೆಗೆ ಪಾಂಡವಪುರದ ಮೇಲೆ ಹೋದರೆ ಮೇಲುಕೋಟೆಯ ಚೆಲುವನಾರಾಯಣಸ್ವಾಮಿ ಸನ್ನಿಧಿ. ಈ ಎರಡೂ ಪ್ರಶ್ನೆಗಳನ್ನು ವಿಚಾರಿಸಲು ಬೇಕಾದ ಸಾಮಗ್ರಿ ಈ ಸೀಮೆಯಲ್ಲೇ ಇದೆ.

ಗೆರೆಗಳಲ್ಲಿ ಮಾಹಿತಿಯನ್ನು ಅಡಗಿಸುವ ವಿಧಾನಕ್ಕೆ ಅಮೆರಿಕದ ನಾರ್ಮನ್ ವುಡ್‌ಲ್ಯಾಂಡ್ ಮತ್ತು ಬರ್ನಾರ್ಡ್ ಸಿಲ್ವರ್ ಅವರಿಗೆ 1952ರಲ್ಲಿ ಪೇಟೆಂಟ್ ದೊರೆಯಿತು. ಚೌಕಗಳ ಕ್ಯೂಆರ್ ಕೋಡನ್ನು ಜಪಾನಿನ ಡೆನ್ಸೊ ವೇವ್ ಸಂಸ್ಥೆ 1994ರಲ್ಲಿ ರೂಪಿಸಿತು. ಟಿಕೆಟ್ಟಿನ ಕೋಡಿನಲ್ಲಿ ಸಾಮಾನ್ಯವಾಗಿ ಇರುವುದು ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆ ಯಾವ ದಿನದ್ದು, ಯಾವ ಬಾಗಿಲಿನದು, ಈಗಾಗಲೇ ಬಳಕೆಯಾಗಿದೆಯೇ ಎಂಬ ವಿವರ ಬೇರೆಡೆ, ಗಣಕದ ದಾಖಲೆಯಲ್ಲಿರುತ್ತದೆ.

ಯಂತ್ರ ಓದಬೇಕಾದರೆ ಅಚ್ಚು ಕೆಲವು ಕಟ್ಟುಪಾಡುಗಳನ್ನು ಪಾಲಿಸಬೇಕು. ಕ್ಯೂಆರ್ ಕೋಡಿನ ಸುತ್ತ ನಾಲ್ಕು ಚಿಕ್ಕ ಚೌಕಗಳಷ್ಟು, ಗೆರೆಗಳ ಕೋಡಿನ ಎರಡು ಪಕ್ಕದಲ್ಲೂ ಅತಿ ಸಣ್ಣ ಗೆರೆಯ ಹತ್ತರಷ್ಟು ಖಾಲಿ ಜಾಗ ಬಿಡಬೇಕು. ಅನೇಕ ಸ್ಕ್ಯಾನರುಗಳ ಬೆಳಕು ಕೆಂಪು. ಆ ಬೆಳಕಿನಲ್ಲಿ ಕೆಂಪು ಶಾಯಿ ಬಿಳಿಯ ಕಾಗದದಷ್ಟೇ ಹೊಳೆಯುತ್ತದೆ. ಆದ್ದರಿಂದ ಕುಂಕುಮದ ಬಣ್ಣದಲ್ಲಿ ಗೆರೆ ಎಳೆದರೆ ಕಣ್ಣಿಗೆ ಚೆಂದ ಕಂಡರೂ ಆ ಯಂತ್ರಕ್ಕೆ ಏನೂ ಕಾಣದು. ಅರಿಸಿನದ ನೆಲದ ಮೇಲೆ ಕಪ್ಪು ಗೆರೆ ಸಲ್ಲುತ್ತದೆ. ಕ್ಯೂಆರ್ ಕೋಡಿನ ಅತ್ಯುನ್ನತ ಮಟ್ಟದ ತಿದ್ದುವಿಕೆಯಲ್ಲಿ ಸುಮಾರು ಶೇಕಡ 30ರಷ್ಟು ಹಾಳಾದರೂ ಮಾಹಿತಿ ಮರಳಿ ದೊರೆಯುತ್ತದೆ. ಬೆವರಿದ ಕೈಯಲ್ಲಿ ಮುದುರುವ ಚೀಟಿಗೆ ಇದು ಆಸರೆ. ಯಂತ್ರ ಕೈಕೊಟ್ಟಾಗ ಬೆರಳಲ್ಲಿ ಒತ್ತಿ ನೋಡಲು ಅದೇ ಸಂಖ್ಯೆ ಅಂಕಿಯಲ್ಲೂ ಕೆಳಗೆ ಇರಬೇಕು.

ಇಲ್ಲಿಂದ ಪ್ರಮಾಣದ ಪ್ರಶ್ನೆ ಮೊದಲಾಗುತ್ತದೆ. ಒಂದೇ ಟಿಕೆಟ್ಟಿನ ನಕಲು ತೆಗೆದರೆ ಎರಡು ಕಾಗದಗಳಲ್ಲೂ ಗೆರೆ ಒಂದೇ, ಸಂಖ್ಯೆ ಒಂದೇ. ಯಾವುದು ಅಸಲಿ ಎಂಬುದನ್ನು ಕೋಡ್ ಹೇಳಲಾರದು. ಮೊದಲು ಬಂದದ್ದು ಒಳಗೆ ಹೋಗುತ್ತದೆ, ಎರಡನೆಯದು ಹೊರಗೆ ಉಳಿಯುತ್ತದೆ. ಹಣ ಕೊಟ್ಟವನೇ ಎರಡನೆಯವನಾಗಿರಲೂಬಹುದು. ಅಂದರೆ ಚೀಟಿಯ ಸಾಚಾತನ ಚೀಟಿಯೊಳಗಿಲ್ಲ. ಭಾರತೀಯ ದರ್ಶನಗಳ ಮಾತಿನಲ್ಲಿ ಇದು ಪರತಃಪ್ರಾಮಾಣ್ಯ: ಜ್ಞಾನ ಸರಿಯೆಂಬುದು ತನ್ನಿಂದಲೇ ಅಲ್ಲ, ಬೇರೊಂದರಿಂದ ನಿಶ್ಚಯವಾಗುತ್ತದೆ ಎಂಬುದು ನ್ಯಾಯದರ್ಶನದ ನೈಯಾಯಿಕರ ನಿಲುವು. ಕುಮಾರಿಲ ಭಟ್ಟರ ಮೀಮಾಂಸೆಯದು ಇದಕ್ಕೆ ಎದುರು. ಜ್ಞಾನ ತಾನಾಗಿಯೇ ಪ್ರಮಾಣ. ಬಾಧಕ ಕಂಡಾಗ ಮಾತ್ರ ಅದನ್ನು ಬಿಡಬೇಕು. ಊರ ನಾಟಕದ ಬಾಗಿಲಲ್ಲಿ ನಿಂತವನು ಚೀಟಿ ಹರಿದು ಒಳಗೆ ಬಿಡುವಾಗ ಮೀಮಾಂಸಕನಂತೆ ನಡೆಯುತ್ತಾನೆ. ಪ್ರತಿ ಚೀಟಿಯನ್ನೂ ದಾಖಲೆಗೆ ತಾಳೆ ನೋಡುವ ಸ್ಕ್ಯಾನರಿನದು ನೈಯಾಯಿಕರ ದಾರಿ.

ನೈಯಾಯಿಕರಿಗೆ ಮೀಮಾಂಸಕರು ಹಾಕಿದ ಆಕ್ಷೇಪ ಈ ಯಂತ್ರಕ್ಕೂ ತಾಗುತ್ತದೆ. ಒಂದು ಜ್ಞಾನಕ್ಕೆ ಇನ್ನೊಂದು ಸಾಕ್ಷಿ ಬೇಕಾದರೆ, ಆ ಸಾಕ್ಷಿಗೆ ಮತ್ತೊಂದು ಬೇಕು, ಅದು ಅನವಸ್ಥೆ, ಎಂದರೆ ಕೊನೆಯಿಲ್ಲದ ಸರಣಿ. ಚೀಟಿಗೆ ಸ್ಕ್ಯಾನರ್ ಸಾಕ್ಷಿ, ಸ್ಕ್ಯಾನರಿಗೆ ದಾಖಲೆ ಸಾಕ್ಷಿ, ದಾಖಲೆಗೆ ಅದನ್ನು ಬರೆದಿಟ್ಟವರೇ ಸಾಕ್ಷಿ. ಸರಣಿ ಎಲ್ಲೋ ಒಂದು ಕಡೆ ಮನುಷ್ಯರ ಪ್ರಾಮಾಣಿಕತೆಯಲ್ಲಿ ನಿಲ್ಲಲೇಬೇಕು. ಕೋಡ್ ನಂಬಿಕೆಯನ್ನು ತೆಗೆದುಹಾಕುವುದಿಲ್ಲ. ಬಾಗಿಲಿನಿಂದ ಕಚೇರಿಗೆ ಸಾಗಿಸುತ್ತದೆ.

ಈ ಮಾತನ್ನು ಮೇಲುಕೋಟೆಯ ವೈರಮುಡಿ ಉತ್ಸವ ಇನ್ನಷ್ಟು ಸ್ಪಷ್ಟವಾಗಿ ತೋರಿಸುತ್ತದೆ. ವೈರಮುಡಿ ಎಂಬ ವಜ್ರಖಚಿತ ಕಿರೀಟ ವರ್ಷವೆಲ್ಲ ಮಂಡ್ಯದ ಜಿಲ್ಲಾ ಖಜಾನೆಯಲ್ಲಿರುತ್ತದೆ. ಉತ್ಸವದ ದಿನ ಅದು ಪೆಟ್ಟಿಗೆಯಲ್ಲಿ, ಪೊಲೀಸ್ ಕಾವಲಿನಲ್ಲಿ ಹೊರಟು ಶ್ರೀರಂಗಪಟ್ಟಣ, ಪಾಂಡವಪುರ ತಾಲ್ಲೂಕುಗಳ ಹಾದಿಯಲ್ಲಿ ಮೇಲುಕೋಟೆಗೆ ಬರುತ್ತದೆ. ಅಲ್ಲಿ ಅಧಿಕಾರಿಗಳ ಎದುರಿನಲ್ಲಿ ಒಡವೆಗಳ ಪಾರ್ಕಾವಣೆ ನಡೆಯುತ್ತದೆ: ಪಟ್ಟಿಗೂ ವಸ್ತುವಿಗೂ ತಾಳೆ ನೋಡಿ, ಪರೀಕ್ಷಿಸಿ, ಒಪ್ಪಿಸುವ ಕ್ರಮ. ಸ್ಕ್ಯಾನರ್ ಬಾಗಿಲಲ್ಲಿ ಮಾಡುವುದೂ ಚಿಕ್ಕ ಪ್ರಮಾಣದ ಪಾರ್ಕಾವಣೆಯೇ. ಆದರೆ ಹಾದಿಯುದ್ದಕ್ಕೂ ಹಳ್ಳಿಗಳ ಜನ ಪೂಜೆ ಸಲ್ಲಿಸುವುದು ಮುಚ್ಚಿದ ಪೆಟ್ಟಿಗೆಗೆ. ಅವರು ಕಿರೀಟವನ್ನು ಕಾಣುವುದಿಲ್ಲ, ತಾಳೆ ನೋಡುವುದಿಲ್ಲ. ಹಣ್ಣುಕಾಯಿ ಹಿಡಿದು ಕೈಮುಗಿಯುತ್ತಾರೆ. ಪಾರ್ಕಾವಣೆ ವಸ್ತುವನ್ನು ಕಾಯುತ್ತದೆ. ಭಕ್ತಿ ಅದಕ್ಕಾಗಿ ಕಾಯುವುದಿಲ್ಲ. ಎರಡೂ ಬೇಕು, ಆದರೆ ಒಂದು ಇನ್ನೊಂದರ ಕೆಲಸ ಮಾಡಲಾರದು.

ಎರಡನೆಯ ಪ್ರಶ್ನೆ ಅಧಿಕಾರದ್ದು. ಶಾಸ್ತ್ರದ ಮಾತಿನಲ್ಲಿ ಅಧಿಕಾರವೆಂದರೆ ಒಂದು ಕರ್ಮಕ್ಕೆ ಬೇಕಾದ ಅರ್ಹತೆ. ರಾಮಾನುಜರ ಪರಂಪರೆ ಶರಣಾಗತಿಗೆ ಹೇಳಿದ ಅರ್ಹತೆ ವಿಶಿಷ್ಟವಾದುದು: ಆಕಿಂಚನ್ಯ ಮತ್ತು ಅನನ್ಯಗತಿತ್ವ. ತನ್ನಲ್ಲಿ ಕೊಡಲು ಏನೂ ಇಲ್ಲ, ಹೋಗಲು ಬೇರೆ ಗತಿಯಿಲ್ಲ ಎಂಬ ಅರಿವೇ ಅಲ್ಲಿ ಪ್ರವೇಶಪತ್ರ. ಮೇಲುಕೋಟೆಯಲ್ಲಿ ರಾಮಾನುಜರು ಅಸ್ಪೃಶ್ಯರೆನಿಸಿದವರನ್ನು ತಿರುಕುಲದವರೆಂದು ಕರೆದು, ವರ್ಷದ ಕೆಲವು ದಿನ ದೇಗುಲದೊಳಕ್ಕೆ ಬರಮಾಡಿಕೊಂಡರೆಂಬುದು ಸಂಪ್ರದಾಯ ಹೇಳುವ ಮಾತು. ಕೆಲವೇ ದಿನಗಳ ಆ ಅನುಮತಿ ಸಂವಿಧಾನದ ಕಾಲದಲ್ಲಿ ಎಲ್ಲ ದಿನಗಳ ಹಕ್ಕಾಯಿತು. ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1957ರಲ್ಲಿ ಸಾರ್ವಜನಿಕರ ಪ್ರವೇಶದ ಹಕ್ಕನ್ನು ಎತ್ತಿಹಿಡಿಯಿತು. ಕೆಲವು ವಿಶೇಷ ಸೇವೆಗಳ ಸಮಯವನ್ನು ಸಮುದಾಯಕ್ಕೆ ಮೀಸಲಿಡಬಹುದೆಂದೂ, ಉಳಿದವರ ಹಕ್ಕು ಆಗಲೂ ಸಾರವುಳ್ಳದ್ದಾಗಿ ಉಳಿಯಬೇಕೆಂದೂ ಹೇಳಿತು.

ಉಚಿತವಾದ ಧರ್ಮದರ್ಶನದ ಸಾಲಿನ ಪಕ್ಕದಲ್ಲಿ ಹಣದ ಸಾಲು ಇರಿಸುವಾಗಲೂ ಇದೇ ಅಳತೆ ಸಲ್ಲುತ್ತದೆ. ನೂಕುನುಗ್ಗಲಿನ ದಿನ ಜನರನ್ನು ಹೊತ್ತಿಗೆ ಹಂಚುವುದು ಸುರಕ್ಷತೆಗೆ ಬೇಕಾದ ಕೆಲಸ. ಸೇವೆಯ ಹಣದಿಂದ ದೀಪ, ನೈವೇದ್ಯ, ದಾಸೋಹ ನಡೆಯುವುದೂ ಸರಿ. ಟಿಕೆಟ್ ಮಾರುವುದು ಸಾಲಿನಲ್ಲಿ ಒಂದು ಜಾಗವನ್ನು, ಒಂದು ಹೊತ್ತನ್ನು. ದರ್ಶನ ಎಂಬುದು ನೋಡುವುದೂ ಹೌದು, ನೋಡಲ್ಪಡುವುದೂ ಹೌದು. ಆ ಎರಡನೆಯ ನೋಟಕ್ಕೆ ಬೆಲೆ ಕಟ್ಟಲು ಯಾರಿಗೂ ಅಧಿಕಾರವಿಲ್ಲ. ಧರ್ಮದರ್ಶನದ ಸಾಲು ಮುಂದೆ ಸರಿಯದಂತೆ ಹಣದ ಸಾಲನ್ನು ಬೆಳೆಸಿದರೆ, ಬಾಗಿಲು ತೆರೆದಿದ್ದರೂ ಹಕ್ಕು ಬರಿದಾಗುತ್ತದೆ.

ಈ ವಿಚಾರಗಳು ಚೀಟಿಯ ರೂಪಕ್ಕೂ ಅನ್ವಯಿಸುತ್ತವೆ. ಕೋಡಿನಲ್ಲಿ ಸಂಖ್ಯೆ ಸಾಕು. ಭಕ್ತನ ಹೆಸರು, ಗೋತ್ರ, ನಕ್ಷತ್ರ ಸಂಕಲ್ಪಕ್ಕೆ ಬೇಕೇ ಹೊರತು ಬಾಗಿಲಿನ ಯಂತ್ರಕ್ಕಲ್ಲ. ದಿನ, ಹೊತ್ತು, ಬಾಗಿಲು, ದರ ಇಷ್ಟೂ ಎದ್ದುಕಾಣುವ ಕನ್ನಡ ಅಕ್ಷರದಲ್ಲಿರಬೇಕು. ಉಚಿತ ದರ್ಶನದ ಬಾಗಿಲು ಎಲ್ಲಿದೆ ಎಂಬುದೂ ಅದೇ ಚೀಟಿಯಲ್ಲಿರಬೇಕು. ‘ದರ್ಶನದ ಬೆಲೆ’ ಎಂಬುದಕ್ಕಿಂತ ‘ಸೇವಾ ಕಾಣಿಕೆ’ ಎಂಬ ಮಾತು ನಿಜಕ್ಕೆ ಹತ್ತಿರ. ದೇವರ ಚಿತ್ರವನ್ನು ಹರಿಯುವ ಭಾಗದಲ್ಲಿ ಅಚ್ಚುಹಾಕಬಾರದು; ಬಳಸಿದ ಚೀಟಿ ನೆಲಕ್ಕೆ ಬಿದ್ದು ಸಾವಿರ ಕಾಲುಗಳಡಿ ಸಿಕ್ಕುತ್ತದೆ. ಚಿತ್ರ ಬೇಕೇಬೇಕೆಂದರೆ ಭಕ್ತರು ಮನೆಗೆ ಒಯ್ದು ಇಟ್ಟುಕೊಳ್ಳುವ ಭಾಗದಲ್ಲಿರಲಿ. ಹರಿದು ಉಳಿಯುವ ತುಂಡಿಗೆ ಗೆರೆ ಮತ್ತು ಅಂಕಿ ಸಾಕು.