ಹಿತ್ತಿಲ ಜೀವಿಗಳೂ ಉಪವಾಸದ ಫಲವೂ

ಪರ್ವದ ದಿನಗಳಲ್ಲಿ ನಾವು ನೀರನ್ನು ಸೋಸಿ ಬಳಸುತ್ತೇವೆ, ಕಂದಮೂಲಗಳನ್ನು ಮುಟ್ಟುವುದಿಲ್ಲ, ಸೂರ್ಯಾಸ್ತದ ಅನಂತರ ಉಣ್ಣುವುದಿಲ್ಲ. ಅಡಿಗೆಮನೆಯಲ್ಲಿ ಇಷ್ಟು ಎಚ್ಚರದಿಂದಿರುವ ನಮ್ಮ ವ್ರತವು ಹಿಂಬಾಗಿಲನ್ನು ದಾಟಿ ಹಿತ್ತಿಲಿಗೂ ತಲಪುವುದೇ ಎಂಬುದು ವಿಚಾರಣೀಯವಾದ ಪ್ರಶ್ನೆ. ಅಳಿಲು, ಮುಂಗುಸಿ, ಕೇರೆಹಾವು, ಇರುಳಿನಲ್ಲಿ ಮಾಡಿನ ಮೇಲೆ ಸಂಚರಿಸುವ ಪುನುಗುಬೆಕ್ಕು, ಇವೆಲ್ಲವೂ ನಮ್ಮಂತೆಯೇ ಪಂಚೇಂದ್ರಿಯ ಜೀವಿಗಳು.

ಕೆಲವು ವರ್ಷಗಳ ಹಿಂದೆ ಅನಂತಚತುರ್ದಶಿಯಂದು ನಾನು ಉಪವಾಸದಲ್ಲಿದ್ದೆ. ಸೌದೆಯ ರಾಶಿಯಲ್ಲಿ ಹಾವು ಕಂಡಿತೆಂದು ಮನೆಯವರು ಕೂಗಿಕೊಂಡರು. ತೋಟದ ಆಳನ್ನು ಕರೆದು, "ಏನಾದರೂ ಮಾಡಪ್ಪ" ಎಂದೆ; ಮೂಲೆಯಲ್ಲಿದ್ದ ದೊಣ್ಣೆಯನ್ನು ಕೈಯಿಂದ ತೋರಿಸಿ ಒಳಗೆ ಹೋಗಿ ಜಪಕ್ಕೆ ಕುಳಿತೆ. ಏಟಿನ ಸದ್ದು ಕೇಳಿಸಿತು. ಹೊರಬಂದು ನೋಡಿದರೆ ಸತ್ತು ಬಿದ್ದಿದ್ದುದು ವಿಷವಿಲ್ಲದ ಕೇರೆಹಾವು. ಇಲಿಗಳನ್ನು ತಿಂದು ನಮ್ಮ ಕಣಜವನ್ನು ಕಾಯುತ್ತಿದ್ದ ಪ್ರಾಣಿ. ಮರುದಿನ ಪಾರಣೆಯ ಅನ್ನ ಗಂಟಲಿನಲ್ಲಿ ಇಳಿಯಲಿಲ್ಲ.

ನಾನು ಕೊಲ್ಲಲಿಲ್ಲವೆಂದು ಹೇಳಿಕೊಳ್ಳಬಹುದಿತ್ತು. ಆದರೆ ಕೃತ, ಕಾರಿತ, ಅನುಮೋದನ ಎಂದು ಹಿಂಸೆಯ ಮೂರು ದ್ವಾರಗಳನ್ನು ಆಚಾರ್ಯರು ಹೇಳಿರುವರಷ್ಟೆ. ಆ ಮಾತು ಕಾರಿತವಾಯಿತು. ಏಟು ಕೇಳಿದಾಗ ಮನಸ್ಸಿಗಾದ ನೆಮ್ಮದಿ ಅನುಮೋದನವಾಯಿತು. ಅನರ್ಥದಂಡಗಳಲ್ಲಿ ಹಿಂಸಾದಾನವೆಂಬುದೊಂದಿದೆ, ದೊಣ್ಣೆಯನ್ನು ತೋರಿಸಿದ ಕೈ ಅದಕ್ಕೂ ಹೊರತಲ್ಲ.

ಗೃಹಸ್ಥನಿಗೆ ವಿರೋಧೀ ಹಿಂಸೆಯ ವಿನಾಯತಿ ಉಂಟಲ್ಲವೇ ಎಂದು ಕೆಲವರು ಕೇಳಬಹುದು. ಮೇಲೆರಗಿ ಬರುವವನನ್ನು ತಡೆಯುವುದು ವಿರೋಧೀ ಹಿಂಸೆ. ಸೌದೆಯ ಸಂದಿನಲ್ಲಿ ಅಡಗಿದ್ದ ಪ್ರಾಣಿ ಯಾರ ಮೇಲೂ ಎರಗಿರಲಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲಗಳ ಭಯ ಮಕ್ಕಳಿರುವ ಮನೆಯಲ್ಲಿ ಸಹಜವೇ. ಭಯಪಡುವುದು ತಪ್ಪಲ್ಲ, ಆದರೆ ಭಯವು ವಿಚಾರವನ್ನು ನುಂಗಿದಾಗ ಪ್ರಮಾದವಾಗುತ್ತದೆ. ಮಕ್ಕಳನ್ನು ದೂರವಿರಿಸಿ, ಹಾವು ಹಿಡಿಯಬಲ್ಲವರಿಗೋ ಅರಣ್ಯ ಇಲಾಖೆಗೋ ತಿಳಿಸುವ ದಾರಿ ಇಂದು ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಈ ಪ್ರಾಣಿಗಳಿಗೆ ರಕ್ಷಣೆ ನೀಡಿದೆ. ಕಾಯಿದೆಗೆ ಮೊದಲೇ ನಮಗೆ ಅಣುವ್ರತವಿತ್ತೆಂಬುದನ್ನು ಮರೆಯಬಾರದು.

ಇಲಿಪಾಷಾಣದ ವಿಷಯವೂ ಹಾಗೆಯೇ. ಅದನ್ನು ತಿಂದ ಇಲಿ ಅನೇಕ ವೇಳೆ ತಕ್ಷಣ ಸಾಯುವುದಿಲ್ಲ. ನಿತ್ರಾಣವಾಗಿ ತಿರುಗುವ ಆ ಇಲಿಯನ್ನು ತಿಂದ ಗೂಬೆಗೂ ಬೆಕ್ಕಿಗೂ ವಿಷವೇರುವುದುಂಟು. ಒಂದು ಚಿಟಿಕೆಯ ಪಾಷಾಣವು ಎಷ್ಟು ಜೀವಗಳಿಗೆ ಮುಟ್ಟೀತೆಂದು ಇಟ್ಟವನಿಗೂ ತಿಳಿಯದು. ಧಾನ್ಯವನ್ನು ಭದ್ರವಾಗಿ ಮುಚ್ಚಿಡುವುದು, ಬಿಲ ಸೇರುವ ಸಂದುಗಳನ್ನು ಮೊದಲೇ ಕಟ್ಟುವುದು, ಸೌದೆಯನ್ನು ಗೋಡೆಯಿಂದ ದೂರ ಒಟ್ಟುವುದು ಇವೇ ಯತ್ನಾಚಾರ.

ಮಳೆಗಾಲದಲ್ಲಿ ನೆಲದ ಮೇಲೆ ಜೀವರಾಶಿ ಹೆಚ್ಚುವುದೆಂದೇ ಮುನಿಗಳು ವಿಹಾರವನ್ನು ನಿಲ್ಲಿಸಿ ಚಾತುರ್ಮಾಸದಲ್ಲಿ ನೆಲೆಸುತ್ತಾರೆ. ನಮ್ಮ ದಶಲಕ್ಷಣ ಪರ್ವವೂ ಅದೇ ಕಾಲದಲ್ಲಿ ಬರುತ್ತದೆ. ಉಪವಾಸವೆಂದರೆ ಆತ್ಮನ ಸಮೀಪದಲ್ಲಿ ವಾಸಿಸುವುದು. ಹಿತ್ತಿಲಿನಲ್ಲಿ ಏಟಿನ ಸದ್ದು ಕೇಳುತ್ತಿರುವಾಗ ಕಣ್ಣು ಮುಚ್ಚಿ ಕುಳಿತವನು ಯಾರ ಸಮೀಪದಲ್ಲಿದ್ದಾನೆ?

ಈಗ ಪರ್ವಕ್ಕೆ ಮುನ್ನ ನಾನು ಪಾತ್ರೆಗಳನ್ನು ತೊಳೆಯಿಸುವಂತೆಯೇ ಸೌದೆಯ ರಾಶಿಯನ್ನೂ ನೋಡಿಕೊಳ್ಳುತ್ತೇನೆ. ಮೂಲೆಯ ದೊಣ್ಣೆಯನ್ನು ತೆಗೆದುಹಾಕಿದ್ದೇನೆ. ಸತ್ತ ಜೀವ ಮರಳಿ ಬರುವುದಿಲ್ಲ. ಪ್ರತಿಕ್ರಮಣದಲ್ಲಿ ಎಲ್ಲ ಜೀವಿಗಳ ಕ್ಷಮೆ ಬೇಡುವಾಗ ಮಾತ್ರ ಆ ಕೇರೆಹಾವು ತಪ್ಪದೆ ನೆನಪಿಗೆ ಬರುತ್ತದೆ.