ಬೆಲ್ಲದೊಳಗಿನ ಔಷಧಿ

ಕಹಿ ಔಷಧಿಯನ್ನು ಬೆಲ್ಲದ ಚೂರಿನಲ್ಲಿ ಅಡಗಿಸಿ ಮಗುವಿಗೆ ನುಂಗಿಸುವ ರೂಢಿ ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಇದೆ. ಅದರಲ್ಲಿ ಯಾರೂ ಮೋಸವನ್ನು ಕಾಣುವುದಿಲ್ಲ. ತಾಯಿಯ ಜಾಣ್ಮೆಯನ್ನೂ ಮಮತೆಯನ್ನೂ ಕಾಣುತ್ತಾರೆ. ಆದರೆ ಆ ಮಗು ಬೆಳೆದು ಹದಿನಾರರ ಹೊಸ್ತಿಲಿಗೆ ಬಂದ ಮೇಲೂ ನಾವು ಬೆಲ್ಲವನ್ನು ಹೀಗೆಯೇ ಬಳಸುತ್ತಿದ್ದರೆ, ಅದನ್ನು ಮಮತೆಯೆಂದೇ ಕರೆಯಬಹುದೇ? ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಯಾವುದೇ ಗ್ರಂಥದಿಂದಲ್ಲ. ಮಗಳೊಡನೆ ಬೆಂಗಳೂರಿನಲ್ಲಿ ಕಳೆದ ಎರಡು ದಿನಗಳಿಂದ.

ಅವಳು ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿಸಿದ್ದಳು. ವರ್ಷವಿಡೀ ಓದಿ ಬಳಲಿದವಳಿಗೆ, “ಬಾ ಮಗಳೇ, ಶನಿವಾರ ಭಾನುವಾರ ನಾವಿಬ್ಬರೇ ಬೆಂಗಳೂರು ಸುತ್ತಿಕೊಂಡು ಬರೋಣ” ಎಂದೆ. ಅವಳ ಸಂಭ್ರಮ ಹೇಳತೀರದು. ಹಳೆಯ ನೋಟುಬುಕ್ಕಿನ ಹಿಂಬದಿಯಲ್ಲಿ ನೋಡಬೇಕಾದ ಸ್ಥಳಗಳ ಪಟ್ಟಿಯನ್ನೇ ಬರೆದಳು: ಲಾಲ್‌ಬಾಗ್, ಕಬ್ಬನ್ ಪಾರ್ಕ್, ಮೆಟ್ರೋ ರೈಲು. ನನ್ನ ಜೇಬಿನಲ್ಲಿಯೂ ಒಂದು ಪಟ್ಟಿಯಿತ್ತು. ಅದರಲ್ಲಿ ಇದ್ದದ್ದು ಒಂದೇ ಹೆಸರು. ಅದು ವಿದ್ಯಾರ್ಥಿನಿಲಯವಿರುವ ಒಂದು ಪದವಿಪೂರ್ವ ಕಾಲೇಜಿನದು. ಆ ಮಾತನ್ನು ನಾನು ಅವಳಿಗೆ ಹೇಳಿರಲಿಲ್ಲ.

ಶನಿವಾರ ನಸುಕಿನಲ್ಲಿ ಹಾಸನದಿಂದ ಬಸ್ಸು ಹತ್ತಿದೆವು. ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ ದಾಟುವವರೆಗೂ ಅವಳ ಮಾತು ನಿಲ್ಲಲಿಲ್ಲ. ಮೆಜೆಸ್ಟಿಕ್‌ನಲ್ಲಿ ಇಳಿದ ಮೇಲೆ, “ಹೇಗೂ ಬಂದಿದ್ದೇವೆ, ದಾರಿಯಲ್ಲೇ ಒಂದು ಕಾಲೇಜಿದೆ, ನೋಡಿಕೊಂಡು ಹೋಗೋಣ” ಎಂದೆ. ಆ ಕಾಲೇಜು ನಮ್ಮ ದಾರಿಯಲ್ಲಿರಲಿಲ್ಲ. ಎರಡೂವರೆ ಗಂಟೆ ಅಲ್ಲಿ ಕಳೆಯಿತು. ನಾನು ಅರ್ಜಿ ನಮೂನೆ ಪಡೆದೆ, ವಿದ್ಯಾರ್ಥಿನಿಲಯದ ಶುಲ್ಕ ವಿಚಾರಿಸಿದೆ. ಅವಳು ಮೊಗಸಾಲೆಯಲ್ಲಿ ನೋಟುಬುಕ್ಕನ್ನು ಎದೆಗವಚಿಕೊಂಡು ಮೌನವಾಗಿ ನಿಂತಿದ್ದಳು.

ಮಧ್ಯಾಹ್ನ ಲಾಲ್‌ಬಾಗಿಗೆ ಹೋದೆವು. 1760ರಲ್ಲಿ ಹೈದರಾಲಿ ಆರಂಭಿಸಿದ ತೋಟವೆಂದೂ, ಗಾಜಿನ ಮನೆಗೆ 1889ರಲ್ಲಿ ಅಸ್ತಿಭಾರ ಹಾಕಿದರೆಂದೂ ನಾನು ವಿವರಿಸುತ್ತಲೇ ಇದ್ದೆ. ಅವಳು ತಲೆಯಾಡಿಸುತ್ತಲೇ ಇದ್ದಳು. ಕೊನೆಗೆ ಕೆಂಪೇಗೌಡರ ಗೋಪುರವಿರುವ ಬಂಡೆಯನ್ನೇರಿ ಕುಳಿತೆವು. ಭೂವಿಜ್ಞಾನಿಗಳು ಆ ಶಿಲೆಯ ವಯಸ್ಸನ್ನು ಸುಮಾರು 300 ಕೋಟಿ ವರ್ಷಗಳೆಂದು ಹೇಳುತ್ತಾರೆ. ಅಲ್ಲಿ ಅವಳು ಕೋಪವಿಲ್ಲದೆ, ಮೆಲ್ಲಗೆ ಕೇಳಿದಳು: “ಅಪ್ಪಾ, ಕಾಲೇಜು ನೋಡೋಕೆ ಹೋಗ್ಬೇಕು ಅಂತ ಮೊದಲೇ ಹೇಳಿದ್ರೂ ನಾನು ಬರ್ತಿದ್ದೆ. ಸುತ್ತಾಡೋಕೆ ಅಂತ ಯಾಕೆ ಹೇಳಿದ್ರಿ?”

ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ತಂಗಿಯ ಮನೆಯಲ್ಲಿ ನಿದ್ದೆಯೂ ಬರಲಿಲ್ಲ.

ನಾನು ಮಾಡಿದ ತಪ್ಪಾದರೂ ಏನು? ಲಾಲ್‌ಬಾಗ್ ತೋರಿಸುತ್ತೇನೆಂದು ಹೇಳಿ ತೋರಿಸದೆ ಇರಲಿಲ್ಲ. ಮಗಳ ವಿದ್ಯಾಭ್ಯಾಸದ ಚಿಂತೆ ತಂದೆಯ ಕರ್ತವ್ಯವೇ ಹೊರತು ಅಪರಾಧವಲ್ಲ. ಮಕ್ಕಳ ವಿಷಯದಲ್ಲಿ ಉದ್ದೇಶವೇ ಇಲ್ಲದ ಹೆತ್ತವರು ಎಲ್ಲಿದ್ದಾರೆ? ಊಟ ಬಡಿಸುವಾಗಲೂ ನಮ್ಮಲ್ಲಿ ಉದ್ದೇಶವಿರುತ್ತದೆ. ಹೀಗೆಲ್ಲ ನನ್ನ ಮನಸ್ಸು ನನ್ನ ಪರವಾಗಿ ವಾದಿಸಿತು. ಆದರೂ ಅವಳ ಪ್ರಶ್ನೆ ಕರಗಲಿಲ್ಲ. ಏಕೆಂದರೆ ಅವಳು ಉದ್ದೇಶವನ್ನು ಪ್ರಶ್ನಿಸಿರಲಿಲ್ಲ. ಅದನ್ನು ಬಚ್ಚಿಟ್ಟದ್ದನ್ನು ಪ್ರಶ್ನಿಸಿದ್ದಳು.

ಜರ್ಮನಿಯ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್, 1785ರಲ್ಲಿ ಪ್ರಕಟವಾದ ತನ್ನ ನೀತಿಶಾಸ್ತ್ರದ ಗ್ರಂಥದಲ್ಲಿ, ಯಾವ ಮನುಷ್ಯನನ್ನೂ ಬರಿಯ ಸಾಧನವಾಗಿ ಬಳಸಿಕೊಳ್ಳಬಾರದೆಂದು ವಾದಿಸಿದನು. ಸುಳ್ಳು ಭರವಸೆಗೆ ಒಳಗಾದವನು ನಮ್ಮ ಉದ್ದೇಶದಲ್ಲಿ ಪಾಲುಗೊಳ್ಳಲಾರ, ಅದಕ್ಕೆ ಒಪ್ಪಿಗೆ ಕೊಡಲೂ ಆರ ಎಂಬುದು ಅವನ ವಾದದ ತಿರುಳು. ಇದನ್ನು ಓದಿದಾಗ ನಮಗೆ ವ್ಯಾಪಾರಿಗಳೂ ರಾಜಕಾರಣಿಗಳೂ ನೆನಪಾಗುತ್ತಾರೆ. ನಮ್ಮ ಮನೆ ನೆನಪಾಗುವುದಿಲ್ಲ. ಆದರೆ ನಾನು ಮಗಳಿಗೆ ಮಾಡಿದ್ದೂ ಅದನ್ನೇ ಅಲ್ಲವೇ? ಅವಳ ಭವಿಷ್ಯದ ಮಾತಿನಲ್ಲಿ ಅವಳನ್ನೇ ಪಾಲುದಾರಳನ್ನಾಗಿ ಮಾಡದೆ ಹೊರಗೆ, ಮೊಗಸಾಲೆಯಲ್ಲಿ ನಿಲ್ಲಿಸಿದೆ.

“ಮಕ್ಕಳ ಒಳಿತಿಗಾಗಿ ಸ್ವಲ್ಪ ಮರೆಮಾಚಿದರೆ ಏನಾಯಿತು?” ಎಂದು ಕೆಲವರು ಕೇಳಬಹುದು. ಮೂರು ವರ್ಷದ ಮಗುವಿಗೆ ಜ್ವರವೆಂದರೇನು, ಔಷಧಿಯೆಂದರೇನು ಎಂದು ತಿಳಿಸಿ ಹೇಳಲು ಬರುವುದಿಲ್ಲ. ಅಲ್ಲಿ ಬೆಲ್ಲ ಬೇಕು. ಕಾರಣ ಹೇಳಿದರೆ ಅರ್ಥಮಾಡಿಕೊಳ್ಳಬಲ್ಲವರಿಗೆ ಬೆಲ್ಲದ ಮರೆ ಬೇಡ. ಅದಕ್ಕಿಂತ ದೊಡ್ಡ ಹಾನಿ ಇನ್ನೊಂದಿದೆ. ಒಮ್ಮೆ ಬೆಲ್ಲದೊಳಗೆ ಔಷಧಿ ಸಿಕ್ಕಿದ ಮಗು ಮುಂದೆ ಪ್ರತಿಯೊಂದು ಬೆಲ್ಲದ ಚೂರನ್ನೂ ಮುರಿದು ನೋಡುತ್ತದೆ. ನಾಳೆ ನಾನು ಏನೂ ಬಯಸದೆ, “ಬಾ, ಹೊರಗೆ ಹೋಗಿಬರೋಣ” ಎಂದರೂ ಮಗಳು ಮನಸ್ಸಿನಲ್ಲೇ, “ಈ ಸಲ ಏನಿದೆಯೋ” ಎಂದುಕೊಳ್ಳುವಳಲ್ಲ! ಕೊಡುಗೆಯ ಮರೆಯಲ್ಲಿ ನಮ್ಮ ಕೆಲಸ ಸಾಧಿಸಿಕೊಂಡಾಗ ನಾವು ಕೊಡುಗೆಯೆಂಬುದರ ಮೇಲಿನ ವಿಶ್ವಾಸವನ್ನೇ ಕೆಡಿಸುತ್ತೇವೆ.

ಹಾಗಾದರೆ ಲೆಕ್ಕವಿಲ್ಲದ ಕೊಡುಗೆ ಮನುಷ್ಯನಿಂದ ಸಾಧ್ಯವೇ? ಪೂರ್ತಿಯಾಗಿ ಸಾಧ್ಯವಿಲ್ಲವೇನೋ. ಮಗಳ ನಗುಮುಖ ಕಾಣುವ ಆಸೆಯೂ ಒಂದು ಲೆಕ್ಕವೇ. ಆದರೆ ನಮ್ಮ ಉದ್ದೇಶವನ್ನು ಪರೀಕ್ಷಿಸಲು ಒಂದು ಸರಳ ದಾರಿಯಿದೆ: ಇದನ್ನು ಅವಳ ಮುಖ ನೋಡಿ ಹೇಳಬಲ್ಲೆನೇ? “ನಿನ್ನ ನಗು ನೋಡಲೆಂದು ಕರೆತಂದೆ” ಎಂದು ಹೇಳಲು ಸಂಕೋಚವಿಲ್ಲ. “ನೀನು ಬೇಡವೆನ್ನುವ ಮೊದಲೇ ಅರ್ಜಿ ತುಂಬಿಬಿಡೋಣವೆಂದು ಕರೆತಂದೆ” ಎನ್ನಲು ನಾಲಿಗೆ ಏಳುವುದಿಲ್ಲ. ಆ ಹಿಂಜರಿಕೆಯೇ ನಮಗೆ ಉತ್ತರ.

ಮರುದಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ ಬಲಿಪೂಜೆ ಮುಗಿಸಿ ಹೊರಬಂದಾಗ ಅವಳ ಬಳಿ ಕ್ಷಮೆ ಕೇಳಿದೆ. “ಈ ದಿನ ನಿನ್ನದು” ಎಂದೆ. ಕಬ್ಬನ್ ಪಾರ್ಕಿನಲ್ಲಿ ಭಾನುವಾರ ವಾಹನ ಸಂಚಾರವಿರಲಿಲ್ಲ. ಮರಗಳ ನೆರಳಿನಲ್ಲಿ ನಡೆದೆವು. ಬಳಿಕ ಅವಳು ಮೆಟ್ರೋದಲ್ಲಿ ವೈಟ್‌ಫೀಲ್ಡ್‌ವರೆಗೂ ಹೋಗಬೇಕೆಂದಳು. “ಅಲ್ಲಿ ಏನಿದೆ?” ಎಂದು ಕೇಳಿದೆ. “ಏನಿಲ್ಲ, ಸುಮ್ಮನೆ” ಎಂದಳು. 2023ರಿಂದ ನೇರಳೆ ಮಾರ್ಗದ ರೈಲು ಅಲ್ಲಿಯವರೆಗೂ ಓಡುತ್ತಿದೆ. ಯಾವ ಕೆಲಸವೂ ಇಲ್ಲದ ಆ ಪ್ರಯಾಣದಲ್ಲಿ, ಕಿಟಕಿಯಾಚೆ ನೋಡುತ್ತಾ, ಅವಳು ತಾನಾಗಿಯೇ ಬಾಯಿ ಬಿಟ್ಟಳು. ವಿದ್ಯಾರ್ಥಿನಿಲಯವೆಂದರೆ ಭಯವಿಲ್ಲವಂತೆ, ಅಜ್ಜಿ ಇನ್ನೆಷ್ಟು ದಿನವೋ, ತಾನು ದೂರವಿದ್ದಾಗ ಏನಾದರೂ ಆದರೆ ಎಂಬ ಭಯವಂತೆ. ಒಂದೇ ಸೂರಿನಡಿ ಇದ್ದೂ ಇದು ನನಗೆ ತಿಳಿದಿರಲಿಲ್ಲ.

ಆಗ ನೆನಪಾದದ್ದು ಇನ್ನೊಂದು ಕುಟುಂಬದ ಪ್ರಯಾಣ. ಹನ್ನೆರಡು ವರ್ಷದ ಮಗನನ್ನು ಪಾಸ್ಕ ಹಬ್ಬಕ್ಕೆಂದು ಜೆರುಸಲೇಮ್ ಮಹಾನಗರಕ್ಕೆ ಕರೆದೊಯ್ದ ಮರಿಯ ಜೋಸೆಫರು, ಹಿಂತಿರುಗುವಾಗ ಮಗ ಜೊತೆಯವರ ಗುಂಪಿನಲ್ಲಿ ಇದ್ದಾನೆಂದೇ ಭಾವಿಸಿ ಒಂದು ದಿನದ ದಾರಿ ನಡೆದಿದ್ದರೆಂದು ಸಂತ ಲೂಕ ತಿಳಿಸುತ್ತಾನೆ. ಮಕ್ಕಳು ನಮ್ಮ ಜೊತೆಯಲ್ಲೇ ಇದ್ದಾರೆಂದು ಭಾವಿಸಿ ನಾವೂ ಎಷ್ಟೋ ದೂರ ನಡೆದುಬಿಡುತ್ತೇವೆ. ಮಗ ಸಿಕ್ಕಾಗ ಕೊಟ್ಟ ಉತ್ತರ ಆ ಹೆತ್ತವರಿಗೆ ಅರ್ಥವಾಗಲಿಲ್ಲ. ಆದರೂ ತಾಯಿ ಅದನ್ನು ತಳ್ಳಿಹಾಕದೆ ಹೃದಯದಲ್ಲಿ ಇರಿಸಿಕೊಂಡಳು. ಹೆತ್ತವರಿಗೆ ಇದಕ್ಕಿಂತ ದೊಡ್ಡ ಮಾದರಿ ಬೇಕೇ?

ಆ ಅರ್ಜಿ ನಮೂನೆ ಈಗ ಮಗಳ ಮೇಜಿನ ಮೇಲಿದೆ. ಅದನ್ನು ತುಂಬುವುದೋ ಬಿಡುವುದೋ ಎಂಬುದನ್ನು ನಾವು ಮೂವರೂ, ಅಜ್ಜಿಯನ್ನು ಸೇರಿಸಿ ನಾಲ್ವರೂ, ಕುಳಿತು ಮಾತನಾಡುತ್ತಿದ್ದೇವೆ. ಈ ರಜೆಯಲ್ಲಿ ನೀವೂ ಮಕ್ಕಳನ್ನು ಎಲ್ಲಿಗಾದರೂ ಕರೆದೊಯ್ಯುವಿರಾದರೆ, ಹೊರಡುವ ಮುನ್ನ ನಿಮ್ಮ ಜೇಬಿನಲ್ಲಿರುವ ಪಟ್ಟಿಯನ್ನು ಅವರಿಗೂ ಒಮ್ಮೆ ತೋರಿಸಿ.