ರಜೆ ಕೊಟ್ಟವರಿಗೂ ಒಂದು ರಜೆ

ಏಪ್ರಿಲ್ ಎರಡನೇ ವಾರ ಬಂತೆಂದರೆ ಶಾಲೆಗಳಿಗೆ ಬೀಗ ಬೀಳುತ್ತದೆ, ಮನೆಗಳಲ್ಲಿ ಲೆಕ್ಕಾಚಾರ ಶುರುವಾಗುತ್ತದೆ. ಈ ಸಲ ಎಲ್ಲಿಗೆ? ರೈಲಿನಲ್ಲಿ ಸೀಟು ಸಿಕ್ಕೀತೇ? ಸಮುದ್ರವೋ, ಬೆಟ್ಟವೋ? ಮಕ್ಕಳನ್ನು ಬೇಸಿಗೆ ಶಿಬಿರಕ್ಕೆ ಸೇರಿಸುವುದೇ? ಇಷ್ಟೆಲ್ಲ ಮಾತಾಡುವಾಗಲೂ ಒಂದು ಪ್ರಶ್ನೆ ಮಾತ್ರ ಹೆಚ್ಚಿನ ಮನೆಗಳಲ್ಲಿ ಯಾರ ಬಾಯಿಂದಲೂ ಬರುವುದಿಲ್ಲ: ಈ ಮನೆಯಲ್ಲಿ ಇದುವರೆಗೆ ರಜೆಯೇ ಸಿಗದವರು ಯಾರು? ನನಗೆ ತುಂಬ ಪ್ರಿಯವಾದ ಎರಡು ರಜೆಗಳನ್ನು ನೆನೆದಾಗಲೆಲ್ಲ ಈ ಪ್ರಶ್ನೆ ಎದುರು ಬಂದು ನಿಲ್ಲುತ್ತದೆ. ಒಂದು ಬಾಲ್ಯದ್ದು, ಇನ್ನೊಂದು ನಡುವಯಸ್ಸಿನದು.

ಬಾಲ್ಯದ ರಜೆ ಎಂದರೆ ಅಜ್ಜಿಮನೆ. ನಮ್ಮ ಅಜ್ಜಿಮನೆ ಇದ್ದದ್ದು ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಆಚೆ ದಡದಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಕರೂರು, ಬಾರಂಗಿ ಹೋಬಳಿಯ ಊರುಗಳು ತಾಲ್ಲೂಕು ಕೇಂದ್ರದಿಂದ ಕಡಿದುಹೋಗಿ ದ್ವೀಪದಂತಾಗಿದ್ದವು. ಸಾಗರದಿಂದ ಹೊರಟ ಬಸ್ಸು ನಮ್ಮನ್ನು ಹೊಳೆಬಾಗಿಲಿನಲ್ಲಿ ಇಳಿಸುತ್ತಿತ್ತು. ಮುಂದೆ ಲಾಂಚ್. ಬೇಸಿಗೆಯಲ್ಲಿ ನೀರು ಇಳಿದು, ಮುಳುಗಿದ ಕಾಡಿನ ಒಣ ಬೊಡ್ಡೆಗಳು ಅಲ್ಲಲ್ಲಿ ತಲೆ ಎತ್ತಿರುತ್ತಿದ್ದವು. ಅವುಗಳ ಮೇಲೆ ರೆಕ್ಕೆ ಬಿಚ್ಚಿ ಕೂತ ನೀರುಕಾಗೆಗಳನ್ನು ತೋರಿಸುತ್ತ, ಕಂಬಿ ಹಿಡಿದು ಮುಂದೆ ನಿಲ್ಲಲು ಜಗಳವಾಡುತ್ತ ದಾಟುತ್ತಿದ್ದೆವು. ಲಾಂಚಿನ ಇಂಜಿನ್ ಸದ್ದು ಕಿವಿಗೆ ಬಿದ್ದ ಕೂಡಲೇ ರಜೆ ಶುರುವಾಯಿತು ಎಂದೇ ನಮ್ಮ ಭಾವನೆ.

ಅಂಗಳಕ್ಕೆ ಕಾಲಿಟ್ಟರೆ ಅಜ್ಜಿಯ ಮೊದಲ ಮಾತು ಯಾವಾಗಲೂ ಒಂದೇ: “ಕೈಕಾಲು ತೊಳ್ಕಂಡು ಬಾ. ಆಸರಿಗೆ ಎಂತ ಬೇಕು?” ಮಜ್ಜಿಗೆಯೋ, ಬೆಲ್ಲ ನೀರೋ, ಅಪ್ಪೆಹುಳಿಯೋ ಲೋಟ ತುಂಬಿ ಬರುತ್ತಿತ್ತು. ಅಷ್ಟು ಹೊತ್ತಿಗೆ ಚಿಕ್ಕಮ್ಮಂದಿರ ಮಕ್ಕಳು, ಮಾವನ ಮಕ್ಕಳು ಎಲ್ಲ ಸೇರಿ ಜಗಲಿ ತುಂಬಿರುತ್ತಿತ್ತು. ಬೆಳಿಗ್ಗೆ ತೆಳ್ಳೇವು, ಬೆಲ್ಲ, ತುಪ್ಪ. ಆಮೇಲೆ ತೋಟದ ಕಪ್ಪಿನಲ್ಲಿ ಏಡಿ ಹುಡುಕುವುದು, ಬೇಣದಲ್ಲಿ ಕೌಳಿ ಹಣ್ಣು ಆರಿಸುವುದು, ಗಾಳಿ ಬಂದರೆ ಕಾಟುಮಾವಿನ ಮರದ ಬುಡಕ್ಕೆ ಓಡುವುದು. ಮಧ್ಯಾಹ್ನ ಊಟಕ್ಕೆ ಉದ್ದದ ಪಂಕ್ತಿ, ಮಾವಿನ ಹಣ್ಣಿನ ಸಾಸಿವೆ. ಊಟವಾದ ಮೇಲೆ ಚೌಕಾಬಾರ, ಕವಡೆ. ರಾತ್ರಿ ಜಗಲಿಯ ತುಂಬ ಚಾಪೆ ಹಾಸಿ ಸಾಲಾಗಿ ಮಲಗಿದರೆ, ಕೊನೆಗೆ ಯಾರು ನಿದ್ದೆ ಹೋಗುತ್ತಾರೆ ಎಂಬುದೇ ಒಂದು ಪಂದ್ಯ.

ಅದರಲ್ಲೂ ಹಪ್ಪಳದ ದಿನಗಳ ಸಂಭ್ರಮ ಬೇರೆಯೇ. ಹಲಸಿನ ಹಪ್ಪಳಕ್ಕೆ ಹಣ್ಣು ಆಗುವುದಿಲ್ಲ, ಚೆನ್ನಾಗಿ ಬಲಿತ ಕಾಯಿಯೇ ಬೇಕು. ಅದನ್ನು ಕೊಯ್ದು, ಕೈಗೆ ಎಣ್ಣೆ ಸವರಿಕೊಂಡು ಮೇಣ ಬಿಡಿಸಿ, ತೊಳೆ ತೆಗೆದು, ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಒರಳಿಗೆ ಹಾಕಿ ಒನಕೆಯಿಂದ ಕುಟ್ಟಬೇಕು. ಉಪ್ಪು, ಮೆಣಸು, ಕೊತ್ತಂಬರಿ ಸೇರಿಸಿ ನುಣ್ಣಗಾದ ಹಿಟ್ಟನ್ನು ಉಂಡೆ ಕಟ್ಟಿ, ಎಣ್ಣೆ ಹಚ್ಚಿದ ಹಾಳೆಗಳ ನಡುವೆ ಇಟ್ಟು ಒತ್ತಬೇಕು. ಒತ್ತಿದ್ದನ್ನು ಚಾಪೆಯ ಮೇಲೆ ಹರಡಿ ಬಿಸಿಲಿಗೆ ಒಡ್ಡಬೇಕು. ಅರ್ಧ ಒಣಗಿದ ಮೇಲೆ ಒಂದೊಂದನ್ನೂ ಮಗುಚಿ ಹಾಕಬೇಕು. ಮೋಡ ಕಂಡರೆ ಓಡಿ ಬಂದು ಎತ್ತಿಡಬೇಕು. ನಮಗೆ ಸಿಗುತ್ತಿದ್ದದ್ದು ಕಾಗೆ ಓಡಿಸುವ ಕೆಲಸ, ಅದಕ್ಕೆ ಕೂಲಿಯಾಗಿ ಕೈ ತುಂಬ ಹಪ್ಪಳದ ಹಿಟ್ಟು. ಮೇಲಿಷ್ಟು ಕೊಬ್ಬರಿ ಎಣ್ಣೆ ಹಾಕಿಕೊಂಡು ತಿಂದ ಆ ಹಿಟ್ಟಿನ ರುಚಿಗೆ ಇವತ್ತಿಗೂ ಸಾಟಿ ಸಿಕ್ಕಿಲ್ಲ.

ಈಗ ಆ ದಿನಗಳನ್ನು ನೆನೆದರೆ ನಮ್ಮ ಆಟಗಳ ಹಿಂದೆ ಇನ್ನೊಂದು ಚಿತ್ರ ಕಾಣುತ್ತದೆ. ನಾವು ಏಳುವ ಮೊದಲೇ ಬಚ್ಚಲ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಅಷ್ಟೂ ನೀರನ್ನು ಬಾವಿಯಿಂದ ಸೇದಿ ತುಂಬಿದವರು ಒಬ್ಬರಿದ್ದರು. ತೆಳ್ಳೇವು ತಟ್ಟೆಗೆ ಬಿಸಿಬಿಸಿಯಾಗಿ ಬೀಳುತ್ತಲೇ ಇರಬೇಕಾದರೆ ಒಲೆಯ ಮುಂದಿನಿಂದ ಒಬ್ಬರು ಏಳುವಂತಿರಲಿಲ್ಲ. ಪಂಕ್ತಿಯಲ್ಲಿ ಮಕ್ಕಳೆಲ್ಲ ಉಂಡು, ಗಂಡಸರು ಉಂಡು, ಅಜ್ಜಿ ಮತ್ತು ಅತ್ತೆ ಬಾಳೆ ಹಾಕಿಕೊಳ್ಳುವ ಹೊತ್ತಿಗೆ ಗಡಿಯಾರ ಮೂರು ದಾಟಿರುತ್ತಿತ್ತು. ನನ್ನ ಅಮ್ಮನಿಗೆ ಅದು ತವರು. ಹಾಗಾಗಿ ಅವಳಿಗೆ ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚುವ ಅವಕಾಶ ಇತ್ತು. ಅತ್ತೆಗೆ ಅದೂ ಇರಲಿಲ್ಲ. ಅತ್ತೆ ತನ್ನ ತವರಿಗೆ ಹೊರಡುತ್ತಿದ್ದದ್ದು ನಾವೆಲ್ಲ ಊರಿಗೆ ಮರಳಿ, ಮಳೆ ಹಿಡಿಯುವ ಹೊತ್ತಿಗೆ. ಅಜ್ಜಿ ಎಲ್ಲಿಗೂ ಹೋಗುತ್ತಿರಲಿಲ್ಲ. ಮಕ್ಕಳ ಕಣ್ಣಿಗೆ ಇದೆಲ್ಲ ಕಾಣುವುದಿಲ್ಲ, ಕಾಣಬೇಕೆಂದೂ ಇಲ್ಲ. ದುಡಿಮೆಯ ಭಾರ ಮಗುವಿಗೆ ತಿಳಿಯದಂತೆ ನಡೆಯುವ ಮನೆಯೇ ಮಗುವಿಗೆ ಸ್ವರ್ಗ. ಆದರೆ ಬೆಳೆದ ಮೇಲೆ ಅದು ಕಾಣಲೇಬೇಕು.

ಲಾಂಚಿನ ಕತೆಯೂ ಹೀಗೆಯೇ. ರಜೆಗೆ ಬಂದ ನಮಗೆ ಅದು ಮೋಜಿನ ಸವಾರಿ. ಅಲ್ಲೇ ಬಾಳಿದವರಿಗೆ ಅದು ಕಾಯುವ ಶಿಕ್ಷೆ. ರಾತ್ರಿ ಲಾಂಚ್ ಇರುತ್ತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಬಹಳ ದೂರ ಸುತ್ತಿ ಆಸ್ಪತ್ರೆ ಸೇರಬೇಕಿತ್ತು. ನಾಡಿಗೆ ಬೆಳಕು ಕೊಡಲೆಂದು ನೆಲ ಬಿಟ್ಟುಕೊಟ್ಟ ಜನ ಒಂದು ಸೇತುವೆಗಾಗಿ ದಶಕಗಳ ಕಾಲ ಕೇಳುತ್ತಲೇ ಇದ್ದರು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ, ಎರಡು ಕಿಲೋಮೀಟರ್‌ಗೂ ಹೆಚ್ಚು ಉದ್ದದ ಸೇತುವೆ ಉದ್ಘಾಟನೆಯಾಯಿತು. ಲಾಂಚ್ ಹೋಯಿತಲ್ಲ ಎಂದು, ಅದರಲ್ಲಿ ಹಿನ್ನೀರು ದಾಟಿ ಸಿಗಂದೂರಿಗೆ ಪ್ರವಾಸ ಹೋಗಿಬಂದ ಕೆಲವರು ಬೇಸರಪಟ್ಟರು. ನನ್ನ ಬಾಲ್ಯದ ಅತ್ಯಂತ ಚಂದದ ನೆನಪು ಆ ಲಾಂಚಿನ ಮೇಲೆಯೇ ಇದೆ. ಆದರೂ ಸೇತುವೆಯ ಸುದ್ದಿ ಓದಿದ ದಿನ ನನಗಾದದ್ದು ಶುದ್ಧ ಸಂತೋಷ. ನಮ್ಮ ನೆನಪು ಉಳಿಯಲಿ ಎಂದು ಇನ್ನೊಬ್ಬರು ಕಷ್ಟದಲ್ಲೇ ಇರಬೇಕೆಂದು ಬಯಸುವುದು ನ್ಯಾಯವಲ್ಲ.

ದುಡಿಯುವವರಿಗೆ ಬಿಡುವು ಬೇಕು ಎಂಬ ಮಾತು ಹೊಸದೇನೂ ಅಲ್ಲ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ನಾರಾಯಣ ಮೇಘಾಜಿ ಲೋಖಂಡೆ ಅವರ ಹೋರಾಟದಿಂದ ಭಾನುವಾರದ ರಜೆ ಸಿಕ್ಕಿದ್ದು 1890ರಲ್ಲಿ. 1948ರ ಕಾರ್ಖಾನೆ ಕಾಯ್ದೆ, ವರ್ಷದಲ್ಲಿ 240 ದಿನ ದುಡಿದ ವಯಸ್ಕ ಕಾರ್ಮಿಕನಿಗೆ ಪ್ರತಿ 20 ದಿನದ ಕೆಲಸಕ್ಕೆ ಒಂದು ದಿನದಂತೆ ಸಂಬಳ ಸಹಿತ ರಜೆ ಕೊಟ್ಟಿತು. ಒಲೆಯ ಮುಂದೆ ವರ್ಷದ 365 ದಿನವೂ ನಿಂತವರಿಗೆ ಅಂಥ ಲೆಕ್ಕವನ್ನು ಯಾವ ಕಾಯ್ದೆಯೂ ಬರೆದಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಣ್ಣುಮಕ್ಕಳು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ರಜೆಯ ದಿನ ಮನೆಯಲ್ಲಿ ಎಲ್ಲರೂ ಇರುತ್ತಾರೆ, ನೆಂಟರೂ ಬರುತ್ತಾರೆ. ಅವತ್ತು ಅಡುಗೆಮನೆಯ ನಿಮಿಷಗಳು ಏರುತ್ತವೆಯೇ ಹೊರತು ಇಳಿಯುವುದಿಲ್ಲ.

ನನ್ನ ಎರಡನೆಯ ಪ್ರಿಯ ರಜೆ ಹುಟ್ಟಿದ್ದು ಈ ಅರಿವಿನಿಂದಲೇ. ಅಪ್ಪ ತೀರಿಹೋದ ಮೇಲೆ ಅಮ್ಮ ಬೆಂಗಳೂರಿಗೆ ಬಂದು ನಮ್ಮೊಂದಿಗೆ ಇದ್ದಳು. ದಸರಾ ರಜೆಯಲ್ಲಿ ಅಪ್ಪನ ಕಡೆಯ ಮಕ್ಕಳಿಗೆಲ್ಲ ತಿಂಡಿ ಮಾಡಿ ಹಾಕಿದವಳು, ಬೇಸಿಗೆಯಲ್ಲಿ ತವರಿನ ಹಪ್ಪಳಕ್ಕೆ ಕೈ ಕೊಟ್ಟವಳು, ದೇವಸ್ಥಾನ ಮತ್ತು ಮದುವೆಮನೆ ಬಿಟ್ಟರೆ ಬೇರೆ ಊರು ಕಾಣದವಳು. “ಎಲ್ಲಿಗೆ ಹೋಗ್ಬೇಕು ಅಮ್ಮ?” ಎಂದು ತಂಗಿ ಕೇಳಿದಾಗ ಉತ್ತರ ಹೇಳಲು ಅವಳಿಗೆ ಎರಡು ದಿನ ಬೇಕಾಯಿತು. ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಅವಳಿಗೆ ಕೇಳಿರಲಿಲ್ಲ. ಕೊನೆಗೆ ಹೇಳಿದಳು, “ಸಮುದ್ರದ ಹತ್ರ ಸುಮ್ನೆ ಕೂರ್ಬೇಕು.”

ಯಶವಂತಪುರದಿಂದ ಮಂಗಳೂರಿನ ಹಗಲು ರೈಲಿಗೆ 2021ರ ಜುಲೈಯಲ್ಲಿ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ ಸೇರಿದೆ. ಅದರಲ್ಲೇ ಹೊರಟೆವು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಾಟಿಯಲ್ಲಿ 57 ಸುರಂಗಗಳಿವೆ. ಹಪ್ಪಳಗಳನ್ನು ಎಣಿಸಿ ನೂರರ ಕಟ್ಟು ಕಟ್ಟುತ್ತಿದ್ದ ಬೆರಳುಗಳು ಅವತ್ತು ಸುರಂಗ ಎಣಿಸಿದವು. ಒಂದೊಂದು ಕತ್ತಲೆ ಕಳೆದು ಹಸಿರು ತೆರೆದುಕೊಂಡಾಗಲೂ ಅಮ್ಮನ ಮುಖ ತೆರೆದುಕೊಳ್ಳುತ್ತಿತ್ತು. ಮಾರನೆಯ ದಿನ ಉಡುಪಿ, ಕುಂದಾಪುರ ದಾಟಿ ಮರವಂತೆ ಸೇರಿದೆವು. ಹೆದ್ದಾರಿಯ ಒಂದು ಮಗ್ಗುಲಿಗೆ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ ಇರುವ ಜಾಗ ಅದು. ಎರಡೂ ನೀರನ್ನು ನೋಡಲು ಅಮ್ಮ ಅತ್ತಿತ್ತ ತಿರುಗುತ್ತಲೇ ಇದ್ದಳು.

ಉಳಿದುಕೊಂಡದ್ದು ಹತ್ತಿರದ ಒಂದು ಹೋಮ್‌ಸ್ಟೇಯಲ್ಲಿ. ಬೆಳಗಿನ ಜಾವ ಐದಕ್ಕೆ ಎದ್ದ ಅಮ್ಮ ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ನಡೆದಳು. ಅಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ಮನೆಯಾಕೆ, “ನೀವ್ ಕೂಕಣಿ ಅಮ್ಮ, ನಾ ಕಾಫಿ ತತ್ತೆ” ಎಂದು ಹೊರಗೆ ಕುರ್ಚಿ ಹಾಕಿಕೊಟ್ಟರು. ಬಿಸಿ ಕಾಫಿ ಕೈಗೆ ಬಂತು. ಬಿಸಿಲು ಏರುವವರೆಗೂ ಅಮ್ಮ ಅಲೆ ನೋಡುತ್ತ ಕೂತಿದ್ದಳು. ಯಾರೂ ಅವಳನ್ನು ಕರೆಯಲಿಲ್ಲ, ಯಾರೂ ಏನನ್ನೂ ಕೇಳಲಿಲ್ಲ. ತಿಂಡಿಗೆ ಬಂದ ನೀರುದೋಸೆಯನ್ನು ಎಲ್ಲರಿಗಿಂತ ಮೊದಲು ತಿಂದಳು. “ಬೇರೆಯವರು ಮಾಡಿ ಹಾಕಿದರೆ ಎಷ್ಟು ರುಚಿ ನೋಡು” ಎಂದಳು. ಆಮೇಲೆ ಮೂರು ದಿನವೂ ತನ್ನ ಬಾಲ್ಯದ ಮಾತು, ನಾವು ಎಂದೂ ಕೇಳಿರದ ಮಾತು. ಕೆಲಸದಿಂದ ಬಿಡುವಾದ ಮೇಲೆಯೇ ಅವಳ ಕತೆಗಳೂ ಹೊರಬಂದವು. ನಾನು ನೋಡಿದ ಊರುಗಳು ಹಲವು, ಹತ್ತಿದ ಬೆಟ್ಟಗಳು ಹಲವು. ಅಮ್ಮ ಕುರ್ಚಿಯಲ್ಲಿ ಕಾಲು ಚಾಚಿ ಕೂತ ಆ ಬೆಳಗಿನಷ್ಟು ತೃಪ್ತಿ ಕೊಟ್ಟದ್ದು ಯಾವುದೂ ಇಲ್ಲ.

ಹೊರಡುವ ದಿನ ಅಮ್ಮನೇ ಮನೆಯಾಕೆಯನ್ನು ಕೇಳಿದಳು, “ನಿಮಗೆ ಯಾವಾಗ ರಜೆ?” ಆಕೆ ನಕ್ಕು, ಮಳೆಗಾಲದಲ್ಲಿ ಜನ ಕಡಿಮೆ, ಆಗ ತವರಿಗೆ ಹೋಗಿ ಬರುವುದು ಎಂದರು. ಅತ್ತೆಯ ಮಳೆಗಾಲವೇ ಮತ್ತೆ ಬಂದಂತಾಯಿತು. ಒಬ್ಬರ ರಜೆ ಎಂದರೆ ಇನ್ನೊಬ್ಬರ ದುಡಿಮೆಯ ಹಂಗಾಮು. ಈ ಋಣ ದುಡ್ಡು ಕೊಟ್ಟ ಮಾತ್ರಕ್ಕೆ ಪೂರ್ತಿ ತೀರುವುದಿಲ್ಲ. ತಂಗಿದ ಕೋಣೆಯನ್ನು ಚೊಕ್ಕಟವಾಗಿ ಬಿಡುವುದು, ಹೇಳಿದ ಹೊತ್ತಿಗೆ ಊಟಕ್ಕೆ ಬರುವುದು, ಬಡಿಸಿದವರ ಹೆಸರು ಕೇಳಿ ಕರೆಯುವುದು, ಇಷ್ಟಾದರೂ ನಮ್ಮ ಕೈಯಲ್ಲಿದೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತವಾದಾಗ ಧರ್ಮಸ್ಥಳ, ಕುಕ್ಕೆ, ಸವದತ್ತಿಯ ಬಸ್ಸುಗಳು ತುಂಬಿ ತುಳುಕಿದವು. ಅಜ್ಜಿಯರು, ಅತ್ತಿಗೆಯರು, ನೆರೆಮನೆಯ ಗೆಳತಿಯರು ಗುಂಪು ಕಟ್ಟಿಕೊಂಡು ಹೊರಟರು. ಆ ನೂಕುನುಗ್ಗಲನ್ನು ಕಂಡು ಗೊಣಗಿದವರೂ ಇದ್ದರು. ನನಗೆ ಕಂಡದ್ದು ವರ್ಷಗಳಿಂದ ಒಳಗೇ ಉಳಿದಿದ್ದ ಆಸೆ. ಊರು ನೋಡುವ ಹಂಬಲ ಅವರಿಗೆ ಮೊದಲಿಂದಲೂ ಇತ್ತು. ಹೊರಡುವ ದಾರಿ ಇರಲಿಲ್ಲ, ಕೈಯಲ್ಲಿ ಕಾಸಿರಲಿಲ್ಲ, ಕೇಳುವವರಿರಲಿಲ್ಲ.

ಮಕ್ಕಳಿಗೆ ರಜೆ ಕೊಡಿ, ಖಂಡಿತ ಕೊಡಿ. ಊರಿನಲ್ಲಿ ಅಜ್ಜಿಮನೆ ಇದ್ದರೆ ಕಳಿಸಿ. ಇಲ್ಲವಾದರೆ ನಿಮ್ಮ ಮನೆಗೇ ಅಣ್ಣತಮ್ಮಂದಿರ ಮಕ್ಕಳನ್ನು ಕರೆಸಿ, ಸಾಲಾಗಿ ಚಾಪೆ ಹಾಸಿ. ಆದರೆ ಆ ಸಂಭ್ರಮದ ಕೆಲಸವನ್ನು ಒಬ್ಬರ ತಲೆಗೆ ಕಟ್ಟಬೇಡಿ. ನೀರು ಹಿಡಿಯುವುದು, ಪಾತ್ರೆ ತೊಳೆಯುವುದು, ಹಾಸಿಗೆ ಮಡಚುವುದು ಮಕ್ಕಳಿಗೂ ಬರಲಿ, ಗಂಡಸರಿಗೂ ಬರಲಿ. ಈ ಬೇಸಿಗೆಯ ಟಿಕೆಟ್ ಮಾಡಿಸುವ ಮೊದಲು ನಿಮ್ಮ ಮನೆಯಲ್ಲಿ ದಿನವೂ ಒಲೆ ಹಚ್ಚುವವರ ಬಳಿ ಹೋಗಿ, “ನಿನಗೆ ಎಲ್ಲಿಗೆ ಹೋಗ್ಬೇಕು?” ಎಂದು ಕೇಳಿ. ಉತ್ತರ ಬರಲು ಎರಡು ದಿನ ಬೇಕಾದರೆ ಕಾಯಿರಿ. ಅವರು ಹೇಳಿದಲ್ಲಿಗೇ ಕರೆದುಕೊಂಡು ಹೋಗಿ, ಅಲ್ಲಿ ಅವರ ಕೈಗೆ ಸೌಟು ಕೊಡಬೇಡಿ.